ಡಯಾಬ್ಲೊ ಬೆಟ್ಟದ ಐವತ್ತಮೂರು ನಿಮಿಷ

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಈಚಿನ ಒಂದೂವರೆ ವರ್ಷದಲ್ಲಿ ಗ್ಲೆಬ್ ಒಂದು ಊಟವನ್ನಾದರೂ ಕೂತಲ್ಲೇ ಕೂತು ಮುಗಿಸಿದ್ದನ್ನು ನಿರುಪಮಾ ನೋಡಿರಲಿಲ್ಲ. ಎರಡು ತುತ್ತು ತಿಂದವನೇ ಎದ್ದು ಕಿಟಕಿಯ ಹತ್ತಿರ ಹೋಗಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಮರದ ಎಲೆ ನೋಡುತ್ತಿದ್ದ. ಬಂದು ಇನ್ನೆರಡು ತುತ್ತು ತಿಂದು, ಬಾಲ್ಕನಿಗೆ ಹೋಗಿ ಸೈಕಲ್ಲಿನ ಟಯರು ಒತ್ತಿ ನೋಡುತ್ತಿದ್ದ. ಓಕ್ಲ್ಯಾಂಡಿನ ಆ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಅವನು ಒಂದು ಊಟಕ್ಕೆ ಏಳು ಸಲ ಏಳುತ್ತಾನೆಂದು ಎಣಿಸಿದವರು ಅವಳ ತಂದೆ ಸೋಮಲಿಂಗಪ್ಪ. ವಿಜಯಪುರದಿಂದ ಆಗಸ್ಟಿನಲ್ಲಿ ಬಂದಿಳಿದ ಮೂರನೆಯ ದಿನ ಅವರು ಮಗಳನ್ನು ಅಡುಗೆಮನೆಗೆ ಕರೆದು ಕೇಳಿದರು.

"ನಿರೂ, ನಿನ್ನ ಗಂಡಗ ಕುಂತ್ರ ಇರಿವಿ ಕಡಿತಾವೇನವಾ?"

"ಅವ ಮೊದಲಿಂದ ಹಂಗ ಅಪ್ಪಾ," ಎಂದಳು ನಿರುಪಮಾ.

ಮೊದಲಿನಿಂದ ಹಾಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಗ್ಲೆಬ್ ತರೂಸಿನ್ ರಷ್ಯಾದವನು, ವೋಲ್ಗಾ ನದಿಯ ದಂಡೆಯ ಸಮಾರಾ ಅವನ ಊರು. ತಾಯಿ ಚಾಕಲೇಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿನ ಕ್ರೀಡಾಶಾಲೆಯವರು ಅವನ ಎದೆ, ತೊಡೆ ಅಳೆದು ಕೈಗೊಂದು ಸೈಕಲ್ಲು ಕೊಟ್ಟರು. ಹತ್ತೊಂಬತ್ತಕ್ಕೆ ಇಟಲಿಗೆ ಹೋದ, ಇಪ್ಪತ್ತೆರಡಕ್ಕೆ ಸಂಬಳದ ಸವಾರನಾದ. ಆಮೇಲೆ ಹನ್ನೊಂದು ವರ್ಷ ಯೂರೋಪಿನ ರಸ್ತೆಗಳಲ್ಲಿ ಅವನು ಮಾಡಿದ್ದು ತಂಡದ ನಾಯಕನನ್ನು ಕಾಯುವ ಕೆಲಸ. ನಾಯಕನ ಬಲ ಉಳಿಯಲೆಂದು ಅವನ ಮುಂದೆ ಗಾಳಿಗೆ ಎದೆಯೊಡ್ಡಿ ತುಳಿಯಬೇಕು. ಹಿಂದೆ ಬರುವ ತಂಡದ ಕಾರಿನಿಂದ ಎಂಟೆಂಟು ನೀರಿನ ಬಾಟಲಿ ಅಂಗಿಯೊಳಗೆ ತುರುಕಿಕೊಂಡು ಬಂದು ಎಲ್ಲರಿಗೂ ಹಂಚಬೇಕು. ನಾಯಕನ ಚಕ್ರ ಪಂಚರಾದರೆ ತನ್ನದನ್ನು ಬಿಚ್ಚಿಕೊಟ್ಟು ರಸ್ತೆಯ ಪಕ್ಕ ನಿಲ್ಲಬೇಕು. ಮೂರು ವಾರ ನಡೆಯುವ ದೊಡ್ಡ ರೇಸುಗಳನ್ನೇ ಅವನು ಏಳು ಸಲ ಮುಗಿಸಿದ್ದ. ಗೆಲ್ಲುವುದು ಅವನ ಕೆಲಸವಾಗಿರಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇದ್ದಂತಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ರೇಸಿಗೆ ಬಂದಾಗ ಇಳಿಜಾರಿನ ತಿರುವೊಂದರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಅವನನ್ನು ಮತ್ತೆ ನಡೆಸಿದ ಫಿಸಿಯೋಥೆರಪಿಸ್ಟು ನಿರುಪಮಾ. ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿಗೆ ಬಂದು ಎಂಟು ವರ್ಷವಾಗಿದ್ದವಳು. ತನ್ನ ತಂದೆಯೂ ರೈಲ್ವೆ ತಂಡಕ್ಕೆ ಸೈಕಲ್ಲು ಹೊಡೆದವರೆಂದು ಅವಳು ಹೇಳಿದಾಗ, ಊರುಗೋಲಿನ ಮೇಲೆ ನಿಂತಿದ್ದ ಗ್ಲೆಬ್ ಮೊದಲ ಸಲ ನಕ್ಕಿದ್ದ. ಮರುವರ್ಷ ಮದುವೆಯಾಯಿತು. ಅವನು ಎಂಟು ತಿಂಗಳು ಯೂರೋಪಿನಲ್ಲಿ, ನಾಲ್ಕು ತಿಂಗಳು ಮನೆಯಲ್ಲಿ. ಮನೆಗೆ ಬಂದರೆ ಬಂಡೆಯ ಹಾಗೆ ಮಲಗುತ್ತಿದ್ದ. ಊಟಕ್ಕೆ ಕೂತರೆ ಏಳುತ್ತಲೇ ಇರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯ ಕೊನೆಗೆ ಉಕ್ರೇನಿನ ಯುದ್ಧ ಶುರುವಾಯಿತು. ಒಂದು ಮಂಗಳವಾರ, ರಷ್ಯಾದ್ದೆಂಬ ಕಾರಣಕ್ಕೆ, ಅವನ ತಂಡದ ಮಾನ್ಯತೆ ರದ್ದಾಯಿತು. ಬುಧವಾರ ಮೆಕ್ಯಾನಿಕ್ಕುಗಳು ಬಸ್ಸಿನ ಮೇಲಿನ ಹೆಸರನ್ನು ಕೆರೆದು ತೆಗೆದರು. ವಾರ ಕಳೆಯುವುದರೊಳಗೆ ಗ್ಲೆಬ್ ಎರಡು ಸೈಕಲ್ಲು ಪೆಟ್ಟಿಗೆಗಳೊಂದಿಗೆ ಓಕ್ಲ್ಯಾಂಡಿನ ಬಾಗಿಲಲ್ಲಿ ನಿಂತಿದ್ದ. ಬೇರೆ ದೇಶದ ತಂಡದವರು ಕರೆದರೆ ಬಾವುಟವಿಲ್ಲದ ಸವಾರನಾಗಿ ಓಡಬಹುದಿತ್ತು. ಯಾರೂ ಕರೆಯಲಿಲ್ಲ. ಅವನು ಒಂದು ಸೈಕಲ್ ಅಂಗಡಿಯಲ್ಲಿ ಮಧ್ಯಾಹ್ನದ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಮಾತ್ರ, ಕೆಲಸ ಇನ್ನೂ ಇದೆಯೆನ್ನುವಂತೆ, ಐದು ತಾಸು ಬೆಟ್ಟ ಹತ್ತುತ್ತಿದ್ದ. ಮಳೆಯಲ್ಲೂ, ಕಾಡ್ಗಿಚ್ಚಿನ ಹೊಗೆಯಲ್ಲೂ ಹೋಗುತ್ತಿದ್ದ. ಯಾವುದಕ್ಕಾಗಿ ಎಂದು ನಿರುಪಮಾ ಒಂದೇ ಸಲ ಕೇಳಿದ್ದಳು. ಅವನು ಸಾಕ್ಸು ಹಾಕಿಕೊಂಡು ಹೊರಟಿದ್ದ.

ಮಾವ ಅಳಿಯನ ನಡುವೆ ಭಾಷೆಯಿರಲಿಲ್ಲ. ಸೋಮಲಿಂಗಪ್ಪನವರದು ಟಿಕೆಟ್ ಕಲೆಕ್ಟರನ ಇಂಗ್ಲಿಷು, ಗ್ಲೆಬ್‌ನದು ರೇಸಿನ ಇಂಗ್ಲಿಷು. "ನನಗ ಮಾಮಾ ಅನ್ನು," ಎಂದು ಅವರು ಕಲಿಸಿಕೊಟ್ಟರೆ ಅವನು ಬಿದ್ದು ಬಿದ್ದು ನಕ್ಕ. ಅವನ ಭಾಷೆಯಲ್ಲಿ ಹಾಗೆಂದರೆ ಅಮ್ಮ. ಅಮ್ಮ ಸಮಾರಾದಲ್ಲಿ ಒಬ್ಬಳಿದ್ದಾಳೆ, ಇನ್ನೊಬ್ಬಳು ಬೇಡವೆಂದು ಅವರನ್ನು 'ಅಪ್ಪಾ' ಎಂದೇ ಕರೆದ. ಅಂಗಳವಿಲ್ಲದ ಮನೆಯ ಬಾಲ್ಕನಿಯಲ್ಲಿ ಇಬ್ಬರೂ ಚೈನು ತೊಳೆಯುತ್ತಾ ತಾಸುಗಟ್ಟಲೆ ಕೂರುತ್ತಿದ್ದರು. ಕೈಯಲ್ಲಿ ಕೆಲಸವಿದ್ದಾಗ ಮಾತ್ರ ಗ್ಲೆಬ್ ಕೂರುತ್ತಿದ್ದ.

ಅಕ್ಟೋಬರಿನ ಮೊದಲ ವಾರ ಬೆಲ್ಜಿಯಮ್ಮಿನಿಂದ ಫೋನು ಬಂತು. ಯೋರಿಸ್ ಎಂಬಾತ, ಹಿಂದೆ ಗ್ಲೆಬ್‌ನ ಎದುರು ತಂಡದಲ್ಲಿದ್ದವನು, ಈಗ ಒಂದು ಚಿಕ್ಕ ತಂಡದ ಮ್ಯಾನೇಜರ್. ಮುಂದಿನ ಸೀಸನ್ನಿಗೆ ಅನುಭವವಿರುವ ಒಬ್ಬ ಸವಾರ ಬೇಕಾಗಿದ್ದ. ಹುಡುಗರನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗುವವನು, ಗಾಳಿಗೆ ಎದೆ ಕೊಡುವವನು. ಒಂದು ವರ್ಷದ ಒಪ್ಪಂದ. "ನೀನು ಎರಡು ಸೀಸನ್ನಿನಿಂದ ರೇಸಿನಲ್ಲಿಲ್ಲ," ಎಂದ ಯೋರಿಸ್. "ನಲವತ್ತು ನಿಮಿಷಕ್ಕೆ ಕಮ್ಮಿಯಿಲ್ಲದ ಒಂದು ಏರನ್ನು ಜೀವ ಬಿಟ್ಟು ಹತ್ತು. ಫೈಲು ಕಳಿಸು. ನೋಡೋಣ."

ಹ್ಯಾಂಡಲಿನ ಮೇಲೆ ಕೂರುವ ಪುಟ್ಟ ಕಂಪ್ಯೂಟರು ಕಾಲು ಪೆಡಲನ್ನು ಎಷ್ಟು ಬಲವಾಗಿ ಒತ್ತಿತು, ಎದೆ ಎಷ್ಟು ಬಡಿಯಿತು, ರಸ್ತೆ ಎಷ್ಟು ಏರಿತು ಎಂಬುದನ್ನು ಸೆಕೆಂಡು ಸೆಕೆಂಡಿಗೆ ದಾಖಲಿಸುತ್ತದೆ. ಆ ದಾಖಲೆಯೇ ಫೈಲು. ಸವಾರರ ಲೋಕದಲ್ಲಿ ಈಗ ಅದೇ ಜಾತಕ.

ಭಾನುವಾರ ಬೆಳಿಗ್ಗೆ ಮೂವರೂ ಮೌಂಟ್ ಡಯಾಬ್ಲೊಗೆ ಹೋದರು. ಮಳೆ ಕಾಣದೆ ಐದು ತಿಂಗಳಾಗಿತ್ತು, ಬೆಟ್ಟದ ಹುಲ್ಲೆಲ್ಲ ಒಣಗಿ ಸಿಂಹದ ಮೈಯಂತಾಗಿತ್ತು. ಗೇಟಿನ ಹತ್ತಿರ ಗ್ಲೆಬ್ ಸೈಕಲ್ಲು ಇಳಿಸಿ, ಶಿಲುಬೆಯ ಗುರುತು ಮಾಡಿಕೊಂಡು ಹೊರಟುಬಿಟ್ಟ. ನಿರುಪಮಾ ಕಾರನ್ನು ಮುಂದೆ ಓಡಿಸಿಕೊಂಡು ಹೋಗಿ ತಿರುವುಗಳಲ್ಲಿ ನಿಲ್ಲಿಸುತ್ತಿದ್ದಳು. ಸೋಮಲಿಂಗಪ್ಪ ಇಳಿದು ರಸ್ತೆಯ ಪಕ್ಕ ಕಾಯುತ್ತಿದ್ದರು. ಅಂಗೈಯಗಲದ ಜೇಡವೊಂದು ಟಾರಿನ ಮೇಲೆ ನಿಧಾನ ದಾಟುತ್ತಿತ್ತು. ಅದನ್ನು ಕಡ್ಡಿಯಿಂದ ಬದಿಗೆ ಸರಿಸಿ ಅಳಿಯನಿಗೆ ದಾರಿ ಬಿಡಿಸಿದರು.

ಮೊದಲ ಎರಡು ತಿರುವಿನಲ್ಲಿ ಗ್ಲೆಬ್ ಹಾರಿಹೋದಂತೆ ಹೋದ. ಬೆನ್ನು ಅಲುಗುತ್ತಿರಲಿಲ್ಲ. "ಹೊಡಿ! ಹೊಡಿ ಅಳಿಯಾ!" ಎಂದು ಸೋಮಲಿಂಗಪ್ಪ ಅವನ ಪಕ್ಕದಲ್ಲಿ ಹತ್ತು ಹೆಜ್ಜೆ ಓಡಿದರು. ಮೂರನೆಯ ತಿರುವಿನಲ್ಲಿ ಅವನ ಎಡಗಡೆಯ ಮೊಣಕಾಲು ಹೊರಗೆ ವಾಲುತ್ತಿತ್ತು. ನಾಲ್ಕನೆಯದರಲ್ಲಿ ಮಾವ ಕೂಗಲಿಲ್ಲ, ಸುಮ್ಮನೆ ನಿಂತು ಅವನ ಕಾಲು ನೋಡಿದರು. ಶಿಖರದ ಹತ್ತಿರ ಗೋಡೆಯಂತೆ ಎದ್ದುನಿಲ್ಲುವ ಕೊನೆಯ ಏರಿನಲ್ಲಿ ಗ್ಲೆಬ್ ಸೀಟು ಬಿಟ್ಟೆದ್ದು, ಒಂದೇ ಕಾಲಿನಲ್ಲಿ ಎನ್ನುವಂತೆ, ಸೈಕಲ್ಲನ್ನು ಎಳೆದುಕೊಂಡು ಬಂದ. ಮೇಲೆ ಬಂದವನು ಕಲ್ಲಿನ ಕಟ್ಟೆಗೊರಗಿ ಎಡದೊಡೆಗೆ ಮುಷ್ಟಿಯಿಂದ ಗುದ್ದಿಕೊಳ್ಳತೊಡಗಿದ.

"ಎಷ್ಟಾಯ್ತು?" ಎಂದಳು ನಿರುಪಮಾ.

"ಪರವಾಗಿಲ್ಲ. ಚೆನ್ನಾಗಾಯ್ತು." ಅವನು ಕಂಪ್ಯೂಟರನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

ಅವನು ಸೈಕಲ್ಲಿನಲ್ಲೇ ಇಳಿದುಹೋದ. ಕಾರಿನಲ್ಲಿ ಬರುತ್ತಾ ಸೋಮಲಿಂಗಪ್ಪ ಹೇಳಿದರು: "ಎಡಗಾಲು ಬರೇ ತಿರಗತೈತಿ ನಿರೂ. ಒತ್ತಂಗಿಲ್ಲ."

"ಹಳೇ ಪೆಟ್ಟು ಅಪ್ಪಾ. ಸೊಂಟ ಮುರಿದಿತ್ತಲ್ಲ, ಆ ಕಡೆ ಮಸಲ್ಸ್ ಬಿಗಿ ಆಗ್ತಾವ. ನಾನ ದಿನಾ ಮಸಾಜ್ ಮಾಡ್ತೀನಿ."

"ಬಿಗಿ ಆದ ಕಾಲು ನೋಡೀನಿ. ಇದು ಬಿಗಿ ಅಲ್ಲ. ಎಣ್ಣಿ ತೀರಿದ ದೀಪದ ಗತೆ ಆಗೈತಿ."

ನಿರುಪಮಾ ಮಾತು ಬದಲಿಸಿದಳು. ಫ್ರೀವೇಯಲ್ಲಿ ಅವಳು ಬೇಕಿಲ್ಲದೆ ಮೂರು ಸಲ ಲೇನು ಬದಲಿಸಿದಳು.

ಅಂದು ರಾತ್ರಿಯೇ ಗ್ಲೆಬ್ ಫೈಲು ಕಳಿಸಿದ. ಆಮೇಲೆ ಹತ್ತು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಗ್ಲೆಬ್ ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದ. ಹನ್ನೊಂದನೆಯ ದಿನ ಸಂಜೆ ಅಂಗಡಿಯಿಂದ ಬಂದವನು ಚಪ್ಪಲಿ ಸಹ ಬಿಡದೆ ಯೋರಿಸ್ ಕಳಿಸಿದ ಮಿಂಚಂಚೆ ತೆರೆದು ಗಟ್ಟಿಯಾಗಿ ಓದಿದ. "ನಲವತ್ತೈದು ನಿಮಿಷ ಹತ್ತು ಸೆಕೆಂಡು! ಮೂವತ್ತನಾಲ್ಕರ ವಯಸ್ಸಿಗೆ ಇದು ನಂಬಲಾಗದ್ದು ಅಂತ ಬರೆದಿದ್ದಾನೆ. ಕಾಂಟ್ರ್ಯಾಕ್ಟು ಕಳಿಸಿದ್ದಾನೆ. ಮುಂದಿನ ಶುಕ್ರವಾರದೊಳಗೆ ಸೈನು ಮಾಡಬೇಕು!" ಅವನು ನಿರುಪಮಾಳನ್ನು ಎತ್ತಿ ತಿರುಗಿಸಿದ. ಅಡುಗೆಮನೆಯಲ್ಲಿ ಕೊತ್ತಂಬರಿ ಹೆಚ್ಚುತ್ತಿದ್ದ ಸೋಮಲಿಂಗಪ್ಪನವರ ಚಾಕು ನಿಂತಿತು. ಅವರು ಬಂದು ಅಳಿಯನ ಭುಜ ತಟ್ಟಿ ಮತ್ತೆ ಒಳಗೆ ಹೋದರು. ಆ ಸಂಜೆ ಗ್ಲೆಬ್ ಊಟಕ್ಕೆ ಕೂತವನು ತಟ್ಟೆ ಖಾಲಿಯಾದ ಮೇಲೇ ಎದ್ದ. ಆದರೆ ಮಾವ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಲೇಕ್ ಮೆರಿಟ್ ಸುತ್ತ ನಡೆಯುವಾಗ ಅವರು ಮಗಳಿಗೆ ಹೇಳಿದರು.

"ಗೇಟಿನ ಮುಂದ ಅವ ಕಾಲು ಎತ್ತಿದಾಗ ನಾ ಗಡಿಯಾರ ನೋಡಿದ್ದೆ. ಮ್ಯಾಲ ಬಂದಾಗೂ ನೋಡಿದ್ದೆ. ಐವತ್ಮೂರು ನಿಮಿಷ ಆಗಿತ್ತವಾ."

"ನಿಮ್ಮ ವಾಚು ತಪ್ಪಿರಬೇಕು."

"ಮೂವತ್ತನಾಕು ವರ್ಷ ರೈಲಿನಾಗ ಇದ್ದೆ. ಎಂಟು ನಿಮಿಷ ತಪ್ಪೂದು ನನ್ನ ಗಡಿಯಾರ ಅಲ್ಲ."

"ನೀವು ಬರೂದಕ್ಕಿಂತ ಮೊದಲ ನಾವು ಹೆಂಗರ ಇದ್ವಿ ಅಪ್ಪಾ," ಎಂದುಬಿಟ್ಟಳು ನಿರುಪಮಾ. ಹೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಸೋಮಲಿಂಗಪ್ಪ ನೀರಿನ ಮೇಲಿನ ಬಾತುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಡೆದರು.

"ಖರೆ ಐತಿ. ನಾ ಬಾಯಿ ಹಾಕಬಾರದಿತ್ತು. ಆದ್ರ ಗೊತ್ತಿದ್ದೂ ನಿನ್ನ ಮುಂದ ಸುಮ್ನ ಕುಂದ್ರಾಕ ನನಗ ಆಗಲಿಲ್ಲ. ಅವಂಗ ನಾ ಏನೂ ಅನ್ನಂಗಿಲ್ಲ."

ಅಂದು ಕ್ಲಿನಿಕ್ಕಿನಲ್ಲಿ ನಿರುಪಮಾಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಮೊಣಕಾಲಿನ ಪೇಷಂಟಿಗೆ ಭುಜದ ವ್ಯಾಯಾಮ ಹೇಳಿಕೊಟ್ಟಳು. ಮನೆಗೆ ಬಂದಾಗ ಗ್ಲೆಬ್ ಬಾಲ್ಕನಿಯಲ್ಲಿ ಸೂಟ್‌ಕೇಸಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅವಳು ಬಾಗಿಲು ಎಳೆದುಕೊಂಡು ಇಂಗ್ಲಿಷಿನಲ್ಲಿ, ಅವರಿಬ್ಬರ ಎಂದಿನ ಭಾಷೆಯಲ್ಲಿ, ನೇರವಾಗಿ ಕೇಳಿದಳು.

"ಆ ಫೈಲು ಯಾವತ್ತಿನದು ಗ್ಲೆಬ್?"

ಅವನು ಎಣ್ಣೆಯ ಡಬ್ಬಿ ಕೆಳಗಿಡಲಿಲ್ಲ. ತಲೆಯೂ ಎತ್ತಲಿಲ್ಲ.

"ಎರಡು ವರ್ಷದ ಹಿಂದಿನದು. ಅದೇ ಬೆಟ್ಟ, ಅದೇ ರಸ್ತೆ, ಅದೇ ಕಾಲು. ತಾರೀಖು ಮಾತ್ರ ಬದಲಿಸಿದೆ."

"ಅದೇ ಕಾಲಲ್ಲ."

"ಅಲ್ಲ," ಎಂದ ಅವನು. ತಡೆದುಕೊಂಡಿದ್ದೆಲ್ಲ ಹೊರಬಿತ್ತು. "ಹನ್ನೆರಡನೆಯ ನಿಮಿಷಕ್ಕೆ ಸತ್ತುಹೋಗುತ್ತೆ. ನೋವಿಲ್ಲ, ಏನಿಲ್ಲ. ತೊಡೆಯೊಳಗೆ ಯಾರೋ ಕಲ್ಲು ತುಂಬಿದ ಹಾಗೆ. ಎರಡು ನಿಮಿಷ ನಿಲ್ಲಿಸಿದರೆ ಸರಿ, ಮತ್ತೆ ಹೊರಟರೆ ಮತ್ತೆ ಸಾಯುತ್ತೆ. ದಿನಾ ಬೆಳಿಗ್ಗೆ ಅದನ್ನೇ ನೋಡೋಕೆ ಹೋಗ್ತೀನಿ ನಿರೂ. ಇವತ್ತು ಹದಿಮೂರನೆಯ ನಿಮಿಷದವರೆಗೂ ಬರುತ್ತಾ ಅಂತ."

"ನನಗೆ ಯಾಕೆ ಹೇಳಲಿಲ್ಲ? ನನ್ನ ಕೆಲಸವೇ ಅದು!"

"ಹೇಳಿದರೆ ನಿಲ್ಲಿಸು ಅಂತಿದ್ದೆ."

ನಿರುಪಮಾಗೆ ಸಿಟ್ಟು ಬಂದಿದ್ದು ಅವನ ಮೇಲಲ್ಲ. ಒಂದೂವರೆ ವರ್ಷ ಅವಳು ಆ ತೊಡೆಯನ್ನು ದಿನವೂ ತಿಕ್ಕಿದ್ದಳು. ಮಾಂಸದಲ್ಲಿ ತಪ್ಪು ಹುಡುಕಿದ್ದಳೇ ಹೊರತು ರಕ್ತದ ಬಗ್ಗೆ ಯೋಚಿಸಿರಲಿಲ್ಲ. ಮೂಲೆಯಲ್ಲಿದ್ದ, ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ ಸೈಕಲ್ಲು ಸಿಕ್ಕಿಸಿ, "ಹತ್ತು," ಎಂದಳು. ಅವನು ಕಲ್ಲು ತುಂಬುವವರೆಗೂ ತುಳಿದ. ಇಳಿಸಿ ನೆಲದ ಮೇಲೆ ಮಲಗಿಸಿ, ರಕ್ತದೊತ್ತಡ ನೋಡುವ ಪಟ್ಟಿಯನ್ನು ಒಂದೊಂದೇ ಕಣಕಾಲಿಗೆ ಸುತ್ತಿದಳು. ಬಲಗಾಲಿನಲ್ಲಿ ಮುಳ್ಳು ಎಲ್ಲಿರಬೇಕೋ ಅಲ್ಲಿತ್ತು. ಎಡಗಾಲಿನಲ್ಲಿ ಅದರ ಅರ್ಧಕ್ಕೂ ಬರಲಿಲ್ಲ. ಸದ್ದು ಕೇಳಿ ಬಾಗಿಲು ಸರಿಸಿ ನೋಡಿದ ಸೋಮಲಿಂಗಪ್ಪ ಒಂದು ಲೋಟ ನೀರು ತಂದು ಅಳಿಯನ ತಲೆಯ ಬಳಿ ಇಟ್ಟು ಹೋದರು.

ಆಸ್ಪತ್ರೆಯಲ್ಲಿ ನಿರುಪಮಾಳಿಗೆ ಪರಿಚಯವಿದ್ದ ಹಾಸನದ ಡಾಕ್ಟರು ಮಧುಕರ್, ರಕ್ತನಾಳದ ಸರ್ಜನ್, ಮಂಗಳವಾರ ಸ್ಕ್ಯಾನು ಮಾಡಿಸಿದ.

"ನೋಡಿ ನಿರುಪಮಾ, ಇಲ್ಲಿ ಹೊಟ್ಟೆಯಿಂದ ಕಾಲಿಗೆ ಹೋಗೋ ಆರ್ಟರಿ. ವರ್ಷಾನುಗಟ್ಟಲೆ ಬಗ್ಗಿಕೊಂಡು ಪೆಡಲ್ ಮಾಡಿ ಮಾಡಿ ಮಡಚಿಕೊಂಡಿದೆ, ಗೋಡೆ ದಪ್ಪ ಆಗಿದೆ. ಸೈಕ್ಲಿಸ್ಟುಗಳಿಗೆ ಅಂತಲೇ ಬರೋ ಕಾಯಿಲೆ ಇದು. ಸಾಮಾನ್ಯ ಜನಕ್ಕೆ ಗೊತ್ತೇ ಆಗಲ್ಲ, ಇವರು ಫುಲ್ ಫೋರ್ಸಲ್ಲಿ ತುಳಿಯೋದ್ರಿಂದ ಬ್ಲಡ್ಡು ಸಾಲಲ್ಲ. ಸರ್ಜರಿ ಮಾಡ್ಬೋದು. ಆದ್ರೆ ಮೊದಲಿನ ಥರಾನೇ ಆಗುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ."

"ಎಷ್ಟು ದಿನ ಬೇಕಾಗತ್ತೆ?"

"ಆರು ವಾರ ಸೈಕಲ್ಲು ಮುಟ್ಟೋ ಹಾಗಿಲ್ಲ. ರೇಸು ಅಂದ್ರೆ ಆರು ತಿಂಗಳಾದ್ರೂ ಬೇಕು."

ಮನೆಗೆ ಬರುವ ದಾರಿಯಲ್ಲಿ ನಿರುಪಮಾ ಒಂದು ಮಾತು ಹೇಳಿದಳು. ಅದನ್ನು ತಾನು ಹೇಳುತ್ತೇನೆಂದು ಅವಳೇ ಎಣಿಸಿರಲಿಲ್ಲ. "ಸೈನು ಮಾಡು ಗ್ಲೆಬ್. ಮೊದಲು ಸೈನು ಮಾಡಿಬಿಡು. ಆಮೇಲೆ ನೋವು ಶುರುವಾಯ್ತು ಅಂತ ಹೇಳಿ ಸರ್ಜರಿ ಮಾಡಿಸಿಕೊಳ್ಳೋಣ. ಬೇಸಿಗೆ ಹೊತ್ತಿಗೆ ನೀನು ಸರಿಯಾಗ್ತೀಯ. ಅವರಿಗೂ ನಷ್ಟ ಏನಿಲ್ಲ."

ಗ್ಲೆಬ್ ಅವಳ ಮುಖ ನೋಡಿದ. ಅವಳಿಗೆ ದಣಿವಾಗಿತ್ತು. ಕಿಟಕಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ನಡೆಯುವ ಆ ಕಾಲುಗಳಿಗೆ ಹೋಗಲೊಂದು ಜಾಗ ಸಿಕ್ಕರೆ ಸಾಕಾಗಿತ್ತು. ಅದು ಎಲ್ಲಾದರೂ ಸರಿ, ಹೇಗಾದರೂ ಸರಿ.

ಬುಧವಾರ, ಗುರುವಾರ ಅವನು ಎರಡೆರಡು ಸಲ ಬೆಟ್ಟಕ್ಕೆ ಹೋಗಿಬಂದ. ಅಂಗಡಿಗೆ ರಜೆ ಹಾಕಿದ. ಒಪ್ಪಂದದ ಹಾಳೆಗಳನ್ನು ಮುದ್ರಿಸಿ ಮೇಜಿನ ಮೇಲಿಟ್ಟ, ಪೆನ್ನು ಪಕ್ಕದಲ್ಲಿಟ್ಟ, ಮತ್ತೆ ಪೆನ್ನು ಒಳಗಿಟ್ಟ. ಸೋಮಲಿಂಗಪ್ಪ ಕೊಟ್ಟ ಮಾತಿನಂತೆ ಒಂದೂ ಮಾತಾಡಲಿಲ್ಲ. ಟೀವಿಯ ದನಿಯನ್ನೂ ತಗ್ಗಿಸಿದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಬೆಲ್ಜಿಯಮ್ಮಿನಲ್ಲಿ ಸಂಜೆ ನಾಲ್ಕಾಗಿದ್ದಾಗ, ಗ್ಲೆಬ್ ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟು ಸ್ಪೀಕರು ಒತ್ತಿದ. ನಿರುಪಮಾ ಚಹಾ ಸೋಸುತ್ತಿದ್ದಳು.

"ಸೈನು ಆಯ್ತಾ?" ಯೋರಿಸ್ ಖುಷಿಯಲ್ಲಿದ್ದ.

"ಇಲ್ಲ. ಕೇಳು. ನಾನು ಕಳಿಸಿದ ಫೈಲು ಇಪ್ಪತ್ತೊಂದನೆಯ ಇಸವಿಯದು. ಈ ತಿಂಗಳು ನಾನು ಅದೇ ಬೆಟ್ಟ ಹತ್ತಿದ್ದು ಐವತ್ತಮೂರು ನಿಮಿಷಕ್ಕೆ. ನನ್ನ ಎಡಗಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ಆಪರೇಷನ್ ಆಗಬೇಕು."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಯಾಕೆ ಹೇಳಿದೆ?" ಎಂದ ಯೋರಿಸ್ ಕೊನೆಗೆ. "ನೀನು ಸೈನು ಮಾಡಿದ್ದರೆ ನಾನು ಏನೂ ಮಾಡೋ ಹಾಗಿರಲಿಲ್ಲ."

"ಗೊತ್ತು." ಗ್ಲೆಬ್ ಎರಡೂ ಕೈ ಮೇಜಿನ ಮೇಲೆ ಊರಿ ನಿಂತಿದ್ದ. "ಹನ್ನೊಂದು ವರ್ಷ ಡೋಪಿಂಗ್ ಟೆಸ್ಟಿನವರು ನಸುಕಿನಲ್ಲಿ ಬಾಗಿಲು ಬಡಿದರು, ನಾನು ಎದ್ದು ಹೋಗಿ ಮೂತ್ರದ ಬಾಟಲಿ ತುಂಬಿಸಿಕೊಟ್ಟೆ. ನನ್ನ ಪಾಸ್‌ಪೋರ್ಟು ನೋಡಿ ಎಲ್ಲರೂ ಮೋಸಗಾರನನ್ನು ನೋಡಿದ ಹಾಗೆ ನೋಡ್ತಿದ್ದರು. ಆಗಿನ ನಿನ್ನ ತಂಡದವರೂ ನೋಡ್ತಿದ್ದರು ಯೋರಿಸ್, ನೆನಪಿದೆಯಾ? ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ ನಾನು. ಈಗ ಅವರೆಲ್ಲ ಅಂದುಕೊಂಡಿದ್ದೇ ನಿಜ ಅಂತ ನಾನೇ ಸೈನು ಮಾಡಿಕೊಡಲಾ?"

"ನಿನ್ನನ್ನು ತಗೊಳ್ಳೋಕೆ ಆಗಲ್ಲ," ಎಂದ ಯೋರಿಸ್. ದನಿಯಲ್ಲಿ ಸಿಟ್ಟಿತ್ತು, ಇನ್ನೇನೋ ಕೂಡ ಇತ್ತು. "ಬೇರೆ ತಂಡದವರು ಕೇಳಿದರೆ ನಾನು ಸುಳ್ಳು ಹೇಳಲ್ಲ. ಫೈಲು ತಿದ್ದಿದ್ದ, ತಾನಾಗಿಯೇ ಒಪ್ಪಿಕೊಂಡ, ಎರಡನ್ನೂ ಹೇಳ್ತೀನಿ."

"ಹೇಳು."

ಫೋನು ಇಟ್ಟ ಮೇಲೆ ಗ್ಲೆಬ್ ಕುರ್ಚಿ ಎಳೆದುಕೊಂಡು ಕೂತ. ಅವನ ಬೆನ್ನ ಹಿಂದೆ ನಿಂತಿದ್ದ ನಿರುಪಮಾಗೆ ಅವನ ಮುಖ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಕಾರಿನಲ್ಲಿ ತಾನು ಆಡಿದ ಮಾತು ನೆನಪಾಗಿ ಅವಳು ಚಹಾದ ಲೋಟ ಅವನ ಮುಂದಿಡಲೂ ನಾಚಿದಳು. ಅದನ್ನು ಸೋಮಲಿಂಗಪ್ಪ ಇಟ್ಟರು.

ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಮಧುಕರನೇ ಆಪರೇಷನ್ ಮಾಡಿದ. ಮಡಚಿದ್ದ ನಾಳವನ್ನು ಬಿಡಿಸಿ, ದಪ್ಪವಾದ ಕಡೆ ತೇಪೆ ಹಾಕಿದ. ಆಮೇಲಿನ ಆರು ವಾರ ಆ ಮನೆ ಕಂಡ ಅತಿ ಕಷ್ಟದ ದಿನಗಳು. ಸೈಕಲ್ಲುಗಳನ್ನು ನಿರುಪಮಾ ಅಂಗಡಿಯಲ್ಲಿ ಬಿಟ್ಟುಬಂದಿದ್ದಳು. ಗ್ಲೆಬ್ ಬಾಲ್ಕನಿಯ ಖಾಲಿ ಕೊಂಡಿಗಳನ್ನು ಒರೆಸುತ್ತಿದ್ದ. ಸಮಾರಾದ ತಾಯಿಯ ಜೊತೆ ಫೋನಿನಲ್ಲಿ ಸುಮ್ಮಸುಮ್ಮನೆ ಜಗಳವಾಡುತ್ತಿದ್ದ. ನಡೆಯಬಹುದೆಂದು ಡಾಕ್ಟರು ಹೇಳಿದ್ದೇ ತಡ, ಮಾವ ಅಳಿಯ ದಿನಕ್ಕೆ ಮೂರು ಸಲ ಕೆರೆ ಸುತ್ತತೊಡಗಿದರು. ಒಂದು ಶನಿವಾರ ನಿರುಪಮಾ ಜೊತೆಗೆ ಹೋದಾಗ, ಅವಳ ಮೂಲಕ ಗ್ಲೆಬ್ ಕೇಳಿದ, "ಅಪ್ಪಾ, ನೀವು ಬಿಟ್ಟ ಮೇಲೆ ಏನು ಮಾಡಿದಿರಿ?"

ಸೋಮಲಿಂಗಪ್ಪ ಬೆಂಚಿನ ಮೇಲೆ ಕೂತರು.

"ಎಂಬತ್ತೇಳರಾಗ ಪುಣೆದಾಗ ನನ್ನ ಕಡೀ ರೇಸು. ಹತ್ತೊಂಬತ್ತನೇದಾಂವ ಬಂದೆ. ಮುಂದ ಎರಡು ವರ್ಷ ಸೊಲ್ಲಾಪುರ ಗಾಡ್ಯಾಗ ಈ ತುದಿಯಿಂದ ಆ ತುದಿಗೆ ಓಡಿ ಓಡಿ ತಿಕೀಟ ನೋಡತಿದ್ದೆ. ನಿಂತ್ರ ಕಾಲು ಉರಿತಿದ್ವು. ಮಂದಿ ನನಗ ಹುಚ್ಚ ಟೀಸೀ ಅಂತಿದ್ರು."

ನಿರುಪಮಾ ಅನುವಾದಿಸಿದಳು. ಇದನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು.

"ಆಮೇಲೆ ಅದು ಹೋಯಿತಾ ಅಂತ ಕೇಳು," ಎಂದ ಗ್ಲೆಬ್.

"ಹೋಗಂಗಿಲ್ಲ," ಎಂದರು ಸೋಮಲಿಂಗಪ್ಪ. "ರೂಢಿ ಆಕ್ಕೈತಿ. ಮನಿಯಾಗ ಒಂದು ನಾಯಿ ಇದ್ದಂಗ. ಅದನ್ನ ದಿನಾ ಹೊರಗ ಕರಕೊಂಡು ಹೋಗಬೇಕು, ಅಷ್ಟ."

ಫೆಬ್ರವರಿಯಲ್ಲಿ ಅವರು ಊರಿಗೆ ಹೊರಟರು. ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ಲಿನ ಮಕ್ಕಳಿಗೆ ಬೆಳಿಗ್ಗೆ ತರಬೇತಿ ಕೊಡುವ ಕೆಲಸ ಅವರಿಗಾಗಿ ಕಾಯುತ್ತಿತ್ತು. ಗ್ಲೆಬ್‌ನ ಹಳೆಯ ತಂಡದ ಆರು ಅಂಗಿಗಳು ಅವರ ಪೆಟ್ಟಿಗೆಯಲ್ಲಿ ಹೋದವು.

ಜುಲೈಯಲ್ಲಿ ಲಿವರ್‌ಮೋರ್ ಆಚೆಯ ಗುಡ್ಡಗಳಲ್ಲಿ ಒಂದು ಊರ ಮಟ್ಟದ ರೇಸಿತ್ತು. ಎಂಬತ್ತು ಮಂದಿ. ಹೆಚ್ಚಿನವರು ವಾರವೆಲ್ಲ ಆಫೀಸಿನಲ್ಲಿ ಕೂತು ಭಾನುವಾರ ಸೈಕಲ್ಲು ಹೊಡೆಯುವವರು, ಕೆಲವರು ಕಾಲೇಜು ತಂಡದವರು. ಗ್ಲೆಬ್ ಬಿಳಿಯ ಖಾಲಿ ಅಂಗಿ ತೊಟ್ಟು ಒಬ್ಬನೇ ಹೆಸರು ಬರೆಸಿದ. ನಿರುಪಮಾ ಮುಕ್ತಾಯದ ಗೆರೆಯ ಹತ್ತಿರ ಬಿಸಿಲಿನಲ್ಲಿ ನಿಂತಳು. ಅವಳು ಕಾಯುತ್ತಿದ್ದುದು ಗೆಲುವನ್ನಲ್ಲ, ಹನ್ನೆರಡನೆಯ ನಿಮಿಷವನ್ನು.

ಹನ್ನೆರಡನೆಯ ನಿಮಿಷ ಬಂತು, ಹೋಯಿತು. ಮೂರನೆಯ ಸುತ್ತಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಐವರು ಮಾತ್ರ ಉಳಿದರು, ಅವರಲ್ಲಿ ಬಿಳಿ ಅಂಗಿಯೊಂದಿತ್ತು. ಅವಳೆದುರು ಹಾದುಹೋಗುವಾಗ ಅವನ ಮೊಣಕಾಲು ನೆಟ್ಟಗಿತ್ತು. ನಿರುಪಮಾ ತನಗರಿವಿಲ್ಲದೆ "ಹೊಡಿ! ಹೊಡಿ!" ಎಂದು ಕನ್ನಡದಲ್ಲಿ ಕಿರುಚಿದಳು. ಪಕ್ಕದವರು ತಿರುಗಿ ನೋಡಿದರು.

ಗೆರೆಯ ಬಳಿಯಿಂದಲೇ ಕಾಣುವ ಕೊನೆಯ ಎರಡು ಕಿಲೋಮೀಟರಿನ ನೇರ ರಸ್ತೆಯಲ್ಲಿ ಎದುರುಗಾಳಿ. ಅಲ್ಲಿ ಗ್ಲೆಬ್ ಮಾಡಿದ್ದನ್ನು ನೋಡಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಿಂದೆ ಅವಿತು ಕಾಯುವುದು ಬಿಟ್ಟು ಅವನು ಉಳಿದ ನಾಲ್ವರ ಮುಂದೆ ಹೋಗಿ ತಲೆ ತಗ್ಗಿಸಿ ಗಾಳಿಯನ್ನು ಸೀಳುತ್ತಾ ತುಳಿಯತೊಡಗಿದ, ಯಾರಿಗಾಗಿ ಎಂದು ಯಾರಿಗೂ ಗೊತ್ತಿಲ್ಲದೆ. ಅವನ ಬೆನ್ನಿನ ಮರೆಯಲ್ಲಿ ಆರಾಮವಾಗಿ ಬಂದವರಲ್ಲಿ ಮೂವರು ಇನ್ನೂರು ಮೀಟರಿರುವಾಗ ಪಕ್ಕದಿಂದ ನುಗ್ಗಿದರು. ಅವನು ನಾಲ್ಕನೆಯವನಾದ.

"ನೀನ್ಯಾಕೆ ಮುಂದೆ ಹೋದೆ?" ಎಂದಳು ನಿರುಪಮಾ, ಟವೆಲು ಕೊಡುತ್ತಾ.

ಅವನು ಏದುಸಿರು ಬಿಡುತ್ತಾ ಯೋಚಿಸಿದ. "ಗಾಳಿ ಬಂತು," ಎಂದ. "ಗಾಳಿ ಬಂದರೆ ನಾನು ಮುಂದೆ ಹೋಗ್ತೀನಿ." ಆಮೇಲೆ ತನ್ನ ಮಾತು ತನಗೇ ಕೇಳಿಸಿದಂತಾಗಿ ನಕ್ಕ. ನಗುತ್ತಾ ನೆಲದ ಮೇಲೆ ಕೂತ, ಕೂತು ಮುಖಕ್ಕೆ ಟವೆಲು ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ನಿರುಪಮಾ ಪಕ್ಕದಲ್ಲಿ ಕೂತು ಎಡಗಾಲಿನ ಮೀನಖಂಡದ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

ಯೂರೋಪಿನಿಂದ ಇನ್ನು ಕರೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಅವನೇ, ವಾಪಸು ಬರುವಾಗ, ಕಾರಿನಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ. "ಮುಗೀತು ನಿರೂ. ಸವಾರನ ಕೆಲಸ ಮುಗೀತು." ಫ್ರೀವೇ ಕಾರುಗಳಿಂದ ಕಿಕ್ಕಿರಿದು ನಿಂತಿತ್ತು. ಐದು ನಿಮಿಷಕ್ಕೆ ಹತ್ತು ಮಾರು. ಗ್ಲೆಬ್ ಕಿಟಕಿ ಇಳಿಸಿದ, ಏರಿಸಿದ. ಮುಂದಿನ ಭಾನುವಾರ ಎಲ್ಲಿ ರೇಸಿದೆಯೆಂದು ಫೋನಿನಲ್ಲಿ ಹುಡುಕಿದ. ರೇಡಿಯೊ ಹಾಕಿದ, ಆರಿಸಿದ. ಬಲಗಾಲು ಕಾರಿನ ನೆಲವನ್ನು ತಟ್ಟತೊಡಗಿತು, ಎಡಗಾಲು ಸೇರಿಕೊಂಡಿತು.

"ಇಳಿ," ಎಂದಳು ನಿರುಪಮಾ. ಮುಂದಿನ ಎಕ್ಸಿಟ್ಟಿನಲ್ಲಿ ಕಾರು ಹೊರಗೆ ತಿರುಗಿಸಿ, ಮನೆಯ ಕಡೆ ಹೋಗುವ ಹಳೆಯ ಕಣಿವೆಯ ರಸ್ತೆ ಶುರುವಾಗುವಲ್ಲಿ ನಿಲ್ಲಿಸಿದಳು. ಇಬ್ಬರೂ ಸೇರಿ ಸೈಕಲ್ಲು ಇಳಿಸಿದರು. ಅವನು ಬಾಟಲಿಯಲ್ಲಿ ಉಳಿದಿದ್ದ ನೀರಿನಲ್ಲಿ ಅರ್ಧ ಕುಡಿದು ಅರ್ಧ ಅವಳಿಗೆ ಕೊಟ್ಟ. ಮರಗಳ ನೆರಳಿನಲ್ಲಿ ಬಿಳಿ ಅಂಗಿ ಮೊದಲ ತಿರುವು ದಾಟುವವರೆಗೂ ನೋಡಿ, ಅವಳು ಮತ್ತೆ ಫ್ರೀವೇಯ ಸಾಲಿಗೆ ಸೇರಿಕೊಂಡಳು.